ಜೊನಾಥನ್ ಥರ್ಸ್ಟನ್ ಅವರ ರಗ್ಬಿ ಲೀಗ್ ವೃತ್ತಿಜೀವನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡ್ನಿಗೋ ಬ್ರಿಸ್ಬೇನ್‌ಗೋ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರಿಗೆ ಮೊದಲ ಚಳಿಗಾಲದಲ್ಲೇ ಅರಿವಾಗುವ ಸಂಗತಿಯೊಂದಿದೆ. ಅಲ್ಲಿ ‘ಫುಟಿ’ ಎಂದರೆ ನಮ್ಮ ಫುಟ್‌ಬಾಲ್ ಅಲ್ಲ, ರಗ್ಬಿ ಲೀಗ್. ಆ ಆಟವನ್ನೇ ದುಡಿಮೆಯಾಗಿಸಿಕೊಂಡವನ ಬದುಕು ಹೇಗಿರುತ್ತದೆ ಎಂದು ತಿಳಿಯಬಯಸುವವರಿಗಾಗಿ ಥರ್ಸ್ಟನ್ ಅವರ ವೃತ್ತಿಜೀವನವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಥರ್ಸ್ಟನ್ ಯಾರು? ಅವರನ್ನೇ ಆರಿಸಿಕೊಂಡಿದ್ದೇಕೆ?

1983ರ ಏಪ್ರಿಲ್ 25ರಂದು ಬ್ರಿಸ್ಬೇನ್‌ನಲ್ಲಿ ಹುಟ್ಟಿದ ಥರ್ಸ್ಟನ್, 2002ರಿಂದ 2018ರವರೆಗೆ ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್‌ನಲ್ಲಿ, ಅಂದರೆ ಎನ್‌ಆರ್‌ಎಲ್‌ನಲ್ಲಿ, 323 ಪಂದ್ಯಗಳನ್ನು ಆಡಿ 2,222 ಅಂಕಗಳನ್ನು ಗಳಿಸಿದರು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪರವಾಗಿ 37 ಪಂದ್ಯಗಳನ್ನೂ ಆಸ್ಟ್ರೇಲಿಯಾದ ಪರವಾಗಿ 38 ಟೆಸ್ಟ್‌ಗಳನ್ನೂ, ಅಂದರೆ ಅಂತರರಾಷ್ಟ್ರೀಯ ಪಂದ್ಯಗಳನ್ನೂ, ಆಡಿದರು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಅವರಿಗೆ 2005, 2007, 2014 ಮತ್ತು 2015ರಲ್ಲಿ ದೊರೆಯಿತು. ಅವರಿಗಿಂತ ಮೊದಲು ಯಾರೂ ಅದನ್ನು ನಾಲ್ಕು ಸಲ ಗೆದ್ದಿರಲಿಲ್ಲ. ಆದರೆ ಈ ಪಟ್ಟಿಗಾಗಿ ಅವರನ್ನು ಆರಿಸಿಕೊಂಡಿದ್ದಲ್ಲ. ತಿರಸ್ಕಾರ, ಮೀಸಲು ಬೆಂಚು, ವರ್ಷಗಟ್ಟಲೆ ಕಾಯುವಿಕೆ, ಅಂಪೈರಿಂಗ್ ತಪ್ಪಿನಿಂದಾದ ಸೋಲು, ಶಸ್ತ್ರಚಿಕಿತ್ಸೆ ಇವೆಲ್ಲ ಒಬ್ಬನೇ ಆಟಗಾರನ ಬದುಕಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಸಿಗುವುದು ಅಪರೂಪ.

ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡುವುದು ಇದೇ ಆಟವೇ?

ಅಲ್ಲ. 2025ರಲ್ಲಿ ಮುಂಬೈಯಲ್ಲಿ ಆರಂಭವಾದ ಆ ಟೂರ್ನಿಯ ಹೆಸರಿನಲ್ಲಿ ‘ಲೀಗ್’ ಇದ್ದರೂ ಅಲ್ಲಿ ಆಡುವುದು ರಗ್ಬಿ ಯೂನಿಯನ್‌ನ ಏಳು ಜನರ ರೂಪ. ರಗ್ಬಿ ಲೀಗ್ ಬೇರೆಯೇ ಆಟ. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಉತ್ತರ ಭಾಗದ ಕ್ಲಬ್‌ಗಳು ಮೂಲ ಸಂಸ್ಥೆಯಿಂದ ಹೊರಬಂದವು. ಜಗಳ ನಿಯಮಗಳದ್ದಾಗಿರಲಿಲ್ಲ, ಕೂಲಿಯದ್ದಾಗಿತ್ತು. ಗಣಿ ಮತ್ತು ಗಿರಣಿಗಳಲ್ಲಿ ದುಡಿಯುತ್ತಿದ್ದ ಆಟಗಾರರು ಶನಿವಾರದ ಪಂದ್ಯಕ್ಕಾಗಿ ಕೆಲಸ ತಪ್ಪಿಸಿದಾಗ ಕಳೆದುಕೊಳ್ಳುತ್ತಿದ್ದ ದಿನಗೂಲಿಯನ್ನು ತುಂಬಿಕೊಡಬೇಕೆಂದು ಈ ಕ್ಲಬ್‌ಗಳು ಕೇಳಿದವು; ಹಣ ಮುಟ್ಟಿದರೆ ಆಟದ ಘನತೆ ಕೆಡುತ್ತದೆಂದು ದಕ್ಷಿಣದ ಅನುಕೂಲಸ್ಥರು ಹಟ ಹಿಡಿದರು. ಹೀಗಾಗಿ ವೃತ್ತಿಪರತೆ ರಗ್ಬಿ ಲೀಗ್‌ಗೆ ಆಮೇಲೆ ಸೇರಿದ್ದಲ್ಲ, ಆಟ ಹುಟ್ಟಿದ್ದೇ ಅದರಿಂದ. ನಿಯಮಗಳು ನಂತರ ನಿಧಾನವಾಗಿ ಬೇರೆಯಾದವು. ಸಿಡ್ನಿಯಲ್ಲಿ 1908ರಲ್ಲಿ ಕ್ಲಬ್ ಸ್ಪರ್ಧೆ ಆರಂಭವಾಯಿತು.

ಥರ್ಸ್ಟನ್ ಅವರ ಆಟ ಅರ್ಥವಾಗಲು ಎಷ್ಟು ನಿಯಮ ತಿಳಿದಿರಬೇಕು?

ಹೆಚ್ಚೇನೂ ಬೇಡ. ಒಂದು ಬದಿಗೆ 13 ಜನ, 80 ನಿಮಿಷಗಳ ಆಟ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಂದಕ್ಕೋ ಅಡ್ಡಕ್ಕೋ ಕೊಡಬೇಕು, ಇಲ್ಲವೇ ಕಾಲಿನಿಂದ ಒದೆಯಬೇಕು. ಚೆಂಡು ಹಿಡಿದವನನ್ನು ಎದುರಾಳಿಗಳು ಕೆಡವುವ ರೀತಿ ಕಬಡ್ಡಿಯಲ್ಲಿ ರೈಡರ್‌ನನ್ನು ಕಟ್ಟಿಹಾಕುವುದನ್ನು ನೋಡಿದವರಿಗೆ ಬೇಗ ಹಿಡಿಸುತ್ತದೆ. ಒಂದು ತಂಡ ಹೀಗೆ ಆರು ಸಲ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ, ಆದ್ದರಿಂದ ಐದನೆಯ ಟ್ಯಾಕಲ್ ಆದ ಮೇಲೆ ಸಾಮಾನ್ಯವಾಗಿ ಚೆಂಡನ್ನು ಒದೆಯುತ್ತಾರೆ. ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, ಅದಕ್ಕೆ 4 ಅಂಕ. ಬಳಿಕ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2 ಅಂಕ. ಆಟ ನಡೆಯುತ್ತಿರುವಾಗಲೇ ಚೆಂಡನ್ನು ಕೈಬಿಟ್ಟು, ಅದು ನೆಲಕ್ಕೆ ತಾಗಿ ಪುಟಿಯುತ್ತಿದ್ದಂತೆ ಒದ್ದು ಕಂಬಗಳ ನಡುವೆ ದಾಟಿಸುವ ಫೀಲ್ಡ್ ಗೋಲ್‌ಗೆ ಥರ್ಸ್ಟನ್ ಆಡುತ್ತಿದ್ದ ಕಾಲದಲ್ಲಿ 1 ಅಂಕ. ಈ ಒಂದು ಅಂಕವನ್ನು ನೆನಪಿಟ್ಟುಕೊಳ್ಳಬೇಕು.

ಹಾಫ್‌ಬ್ಯಾಕ್‌ನ ಕೆಲಸವೇನು?

ಏಳನೆಯ ಅಂಗಿ ತೊಡುವ ಹಾಫ್‌ಬ್ಯಾಕ್ ಆರು ಟ್ಯಾಕಲ್‌ಗಳ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು, ಯಾರು ಯಾವ ಕಡೆ ಓಡಬೇಕು, ಚೆಂಡನ್ನು ಯಾವಾಗ ಬಿಡಬೇಕು, ಕೊನೆಯ ಒದೆತ ಯಾವ ಮೂಲೆಗೆ ಹೋಗಬೇಕು ಎಂಬುದನ್ನು ನಿರ್ಧರಿಸುವವನು. ನೂರು ಕಿಲೋ ಮೀರಿದ ಫಾರ್ವರ್ಡ್‌ಗಳು ನೆಲವನ್ನು ಗೆದ್ದುಕೊಡುತ್ತಾರೆ, ಆ ನೆಲದಿಂದ ಅಂಕ ಹುಟ್ಟಿಸುವ ಹೊಣೆ ಅವನದು. ಥರ್ಸ್ಟನ್ ಅವರ ವಿಶೇಷವಿದ್ದದ್ದು ಓಟದ ವೇಗದಲ್ಲಲ್ಲ. ಎದುರಿನ ಸಾಲಿಗೆ ತೀರಾ ಹತ್ತಿರವಾಗುವವರೆಗೆ ಚೆಂಡನ್ನು ಕೈಯಲ್ಲೇ ಉಳಿಸಿಕೊಂಡು, ತಡೆಯಲು ಬರುವವನು ಒಂದು ಕಡೆಗೆ ವಾಲಿದ ಮೇಲಷ್ಟೇ ಕೊಡುವುದೋ, ತಾವೇ ನುಗ್ಗುವುದೋ ಎಂದು ತೀರ್ಮಾನಿಸುತ್ತಿದ್ದರು. ಹೀಗೆ ತಡಮಾಡುವವನು ಚೆಂಡು ಕೊಟ್ಟ ಮರುಕ್ಷಣವೇ ಪೆಟ್ಟು ತಿನ್ನಬೇಕಾಗುತ್ತದೆ, ಮತ್ತು ಅವರು ಅದನ್ನು ಹದಿನೇಳು ಋತುಗಳ ಕಾಲ ತಿಂದರು.

ಅವರು ವೃತ್ತಿಗೆ ಬಂದದ್ದು ಹೇಗೆ?

ಸುಲಭವಾಗಿ ಅಲ್ಲ. ಟುವೂಂಬಾದಲ್ಲಿ ಶಾಲಾ ಆಟ ಮುಗಿಸಿದ ಹುಡುಗನನ್ನು ಕ್ಲಬ್‌ಗಳ ಆಯ್ಕೆಗಾರರು ನೋಡಿದರು, ಮೈಕಟ್ಟು ಸಾಲದೆಂದು ಬಿಟ್ಟರು. ದೊಡ್ಡ ದೇಹಗಳು ಎದುರಾಗುವ ಆಟದಲ್ಲಿ ಈ ಅನುಮಾನ ಹುರುಳಿಲ್ಲದ್ದೇನಲ್ಲ. ಆದರೆ ಹದಿನೇಳರ ಹುಡುಗನ ತೂಕವನ್ನು ತಕ್ಕಡಿ ಹೇಳಿಬಿಡುತ್ತದೆ, ಅವನು ತೆಗೆದುಕೊಳ್ಳುವ ನಿರ್ಧಾರಗಳನ್ನು ಅಳೆಯಲು ವರ್ಷಗಟ್ಟಲೆ ನೋಡಬೇಕಾಗುತ್ತದೆ. ಹೀಗಾಗಿ ಆಯ್ಕೆಗಾರರು ತಕ್ಕಡಿಯನ್ನೇ ನಂಬುತ್ತಾರೆ. ಕೊನೆಗೆ ಸಿಡ್ನಿಯ ಕ್ಯಾಂಟರ್ಬರಿ-ಬ್ಯಾಂಕ್ಸ್‌ಟೌನ್ ಬುಲ್‌ಡಾಗ್ಸ್ ಕ್ಲಬ್ ಅವಕಾಶ ಕೊಟ್ಟಿತು, ಮತ್ತು 2002ರಲ್ಲಿ ಸ್ಟೀವ್ ಫೋಕ್ಸ್ ಅವರ ತರಬೇತಿಯಲ್ಲಿ ಮೊದಲ ದರ್ಜೆಯ ಪಂದ್ಯ ಆಡಿದರು. ತಂಡದಲ್ಲಿ ಆಗಲೇ ನೆಲೆಯೂರಿದ ಹಾಫ್‌ಬ್ಯಾಕ್ ಇದ್ದುದರಿಂದ ಬಹುಕಾಲ ಬೆಂಚಿನಲ್ಲೋ ಬೇರೆ ಜಾಗದಲ್ಲೋ ದಿನ ತಳ್ಳಬೇಕಾಯಿತು.

2004ರ ಪ್ರೀಮಿಯರ್‌ಶಿಪ್ ಉಂಗುರವನ್ನು ಕೊಟ್ಟುಬಿಟ್ಟರು ಎಂಬುದು ನಿಜವೇ?

ನಿಜ. ಎನ್‌ಆರ್‌ಎಲ್ ಪ್ರಶಸ್ತಿಯನ್ನು, ಅಂದರೆ ಪ್ರೀಮಿಯರ್‌ಶಿಪ್ ಅನ್ನು, ತೀರ್ಮಾನಿಸುವ ಆ ವರ್ಷದ ಕೊನೆಯ ಪಂದ್ಯವಾದ ಗ್ರ್ಯಾಂಡ್ ಫೈನಲ್‌ಗೆ ಬುಲ್‌ಡಾಗ್ಸ್ ನಾಯಕ ಸ್ಟೀವ್ ಪ್ರೈಸ್ ಗಾಯದಿಂದಾಗಿ ಇಳಿಯಲಾಗಲಿಲ್ಲ, ಮೀಸಲಿನಲ್ಲಿದ್ದ ಥರ್ಸ್ಟನ್‌ಗೆ ಸ್ಥಾನ ಸಿಕ್ಕಿತು. ಸಿಡ್ನಿ ರೂಸ್ಟರ್ಸ್ ವಿರುದ್ಧ 16–13ರಿಂದ ಗೆದ್ದ ಬಳಿಕ ತಮಗೆ ಸಂದ ಉಂಗುರವನ್ನು ಅವರು ಪ್ರೈಸ್ ಅವರಿಗೆ ಕೊಟ್ಟರು. ಆ ಉಂಗುರ ಆ ಋತುವಿನ ದುಡಿಮೆಗೆ ಸಲ್ಲಬೇಕಾದದ್ದು, ಒಂದು ರಾತ್ರಿಯ ಹಾಜರಿಗಲ್ಲ ಎಂಬುದು ಅವರ ಎಣಿಕೆಯಾಗಿದ್ದಿರಬೇಕು. ಇನ್ನೊಂದು ಉಂಗುರಕ್ಕೆ ಹನ್ನೊಂದು ವರ್ಷ ಬೇಕಾಗಬಹುದೆಂದು ಆಗ ಯಾರಿಗೂ ಹೊಳೆದಿರಲಾರದು.

ಸಿಡ್ನಿ ಬಿಟ್ಟು ಟೌನ್ಸ್‌ವಿಲ್‌ಗೆ ಏಕೆ ಹೋದರು?

ಅಲ್ಲಿ ಏಳನೆಯ ಅಂಗಿ ಖಾಲಿಯಿತ್ತು. ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ 1995ರಲ್ಲಷ್ಟೇ ಸ್ಪರ್ಧೆಗೆ ಸೇರಿದ, ಪ್ರಶಸ್ತಿಯನ್ನೇ ಕಾಣದ ತಂಡ. ಬ್ರಿಸ್ಬೇನ್‌ನಿಂದ ಸುಮಾರು 1,300 ಕಿಲೋಮೀಟರ್ ಉತ್ತರಕ್ಕಿರುವ, ಉಷ್ಣವಲಯದ ಆ ಊರಿನ ತಂಡಕ್ಕೆ ಹೊರಗಿನ ಪ್ರತಿ ಪಂದ್ಯವೂ ವಿಮಾನ ಪ್ರಯಾಣವೇ. 2005ರಲ್ಲಿ ಸೇರಿದ ಥರ್ಸ್ಟನ್ ಮೊದಲ ವರ್ಷವೇ ಡ್ಯಾಲಿ ಎಂ ಗೆದ್ದರು, ತಂಡವನ್ನು ಅದರ ಇತಿಹಾಸದ ಮೊದಲ ಗ್ರ್ಯಾಂಡ್ ಫೈನಲ್‌ಗೂ ಮುಟ್ಟಿಸಿದರು. ವೆಸ್ಟ್ಸ್ ಟೈಗರ್ಸ್ ಅದನ್ನು 30–16ರಿಂದ ಗೆದ್ದಿತು. ನಂತರದ ವರ್ಷಗಳಲ್ಲಿ ಹೆಚ್ಚು ಗೆಲ್ಲುವ ಕ್ಲಬ್‌ಗಳಿಗೆ ಹೋಗಬಹುದಾಗಿದ್ದರೂ ಕೊನೆಯವರೆಗೂ ಅಲ್ಲೇ ಉಳಿದರು.

2012ರಿಂದ 2014ರವರೆಗಿನ ಸೋಲುಗಳ ಬಗ್ಗೆ ಉತ್ತರ ಕ್ವೀನ್ಸ್‌ಲ್ಯಾಂಡ್‌ನವರು ಇಂದಿಗೂ ಸಿಡುಕುವುದೇಕೆ?

ಸತತ ಮೂರು ವರ್ಷ ಅವರ ತಂಡ ನಾಕೌಟ್ ಹಂತದಲ್ಲಿ ಹೊರಬಿದ್ದದ್ದು ವಿವಾದದ ತೀರ್ಪುಗಳ ನೆರಳಿನಲ್ಲಿ. 2012ರಲ್ಲಿ ಮ್ಯಾನ್ಲಿ ವಿರುದ್ಧ, ಎದುರಾಳಿಯ ಕೈಗೆ ಚೆಂಡು ತಾಗಿ ಮುಂದೆ ಹೋಗಿತ್ತೆಂದು ಬಹುತೇಕರು ನಂಬುವ ಟ್ರೈಯನ್ನು ವಿಡಿಯೊ ರೆಫರಿ ಎತ್ತಿಹಿಡಿದರು. 2013ರದು ಇನ್ನೂ ವಿಚಿತ್ರ: ಕ್ರೊನುಲಾ ತಂಡಕ್ಕೆ ಲೆಕ್ಕ ತಪ್ಪಿ ಏಳನೆಯ ಟ್ಯಾಕಲ್ ದೊರೆಯಿತು, ಅದರಲ್ಲೇ ಅವರು ಟ್ರೈ ಗಳಿಸಿದರು, ಕೌಬಾಯ್ಸ್ 20–18ರಿಂದ ಸೋತಿತು. ಆರರವರೆಗೆ ಎಣಿಸುವುದೇ ಮೂಲ ನಿಯಮವಾಗಿರುವ ಆಟದಲ್ಲಿ ಹೀಗಾದದ್ದನ್ನು ಮರೆಯಿರಿ ಎಂದು ಯಾರಿಗೂ ಹೇಳಲಾಗದು. 2014ರಲ್ಲಿ ಸಿಡ್ನಿ ರೂಸ್ಟರ್ಸ್ ಎದುರು 30–0 ಹಿಂದಿದ್ದ ತಂಡ 30–30ಕ್ಕೆ ಬಂದು ನಿಂತಿತು. ರೂಸ್ಟರ್ಸ್ ಒಂದು ಫೀಲ್ಡ್ ಗೋಲ್ ಹೊಡೆದ ಬಳಿಕ, ಕೊನೆಗಳಿಗೆಯಲ್ಲಿ ಥರ್ಸ್ಟನ್ ಗೆರೆ ದಾಟಿದರು, ಆದರೆ ಅದಕ್ಕೆ ಮುನ್ನ ಸಹ ಆಟಗಾರನ ಕೈತಾಗಿ ಚೆಂಡು ಮುಂದಕ್ಕೆ ಹೋಗಿತ್ತೆಂದು ಟ್ರೈ ರದ್ದಾಯಿತು. ಈ ಕೊನೆಯ ತೀರ್ಪಿಗೆ ಆಧಾರವಿತ್ತೆಂದೇ ನನ್ನ ಅಭಿಪ್ರಾಯ, ಆದರೆ ಮೊದಲೆರಡು ವರ್ಷಗಳ ಗಾಯದ ಮೇಲೆ ಬಿದ್ದ ಉಪ್ಪು ಅದು. 31ರ ವಯಸ್ಸಿನ ಹಾಫ್‌ಬ್ಯಾಕ್‌ಗೆ ಇನ್ನೆಷ್ಟು ಅವಕಾಶಗಳಿವೆ ಎಂಬ ಪ್ರಶ್ನೆ ಆಗ ಎಲ್ಲರ ಬಾಯಲ್ಲೂ ಇತ್ತು.

2015ರ ಗ್ರ್ಯಾಂಡ್ ಫೈನಲ್‌ನಲ್ಲಿ ನಡೆದದ್ದೇನು?

ಅಕ್ಟೋಬರ್ 4ರಂದು ಸಿಡ್ನಿಯಲ್ಲಿ, 82,758 ಪ್ರೇಕ್ಷಕರ ಎದುರು, ಮೊದಲ ಬಾರಿಗೆ ಎರಡೂ ತಂಡಗಳು ಕ್ವೀನ್ಸ್‌ಲ್ಯಾಂಡ್‌ನವೇ ಆಗಿದ್ದ ಗ್ರ್ಯಾಂಡ್ ಫೈನಲ್ ನಡೆಯಿತು. ಬ್ರಿಸ್ಬೇನ್ ಬ್ರಾಂಕೋಸ್ 16–12ರಿಂದ ಮುಂದಿತ್ತು, ಗಡಿಯಾರ ಮುಗಿಯುತ್ತ ಬಂದಿತ್ತು. ಕೊನೆಯ ಟ್ಯಾಕಲ್‌ನಲ್ಲಿ ಥರ್ಸ್ಟನ್ ಒದೆಯಲಿಲ್ಲ; ಹಿಡಿಯಲು ಬಂದವರಿಂದ ನುಣುಚಿಕೊಂಡು, ಚೆಂಡನ್ನು ಬಲಬದಿಗೆ ಸಾಗಿಸಿ ಮೈಕಲ್ ಮಾರ್ಗನ್ ಅವರಿಗೆ ಮುಟ್ಟಿಸಿದರು. ಮಾರ್ಗನ್ ಸಾಲನ್ನು ಸೀಳಿ ನುಗ್ಗಿ, ಕೆಳಗೆ ಬೀಳುವ ಮುನ್ನ ಮಣಿಕಟ್ಟಿನ ತಿರುವಿನಿಂದ ಕೈಲ್ ಫೆಲ್ಟ್ ಅವರ ಕಡೆಗೆ ಎಸೆದರು, ಫೆಲ್ಟ್ ಮೂಲೆಯಲ್ಲಿ ಚೆಂಡನ್ನು ನೆಲಕ್ಕೊತ್ತಿದರು. ಸ್ಕೋರು 16–16, ಸೈರನ್ ಆಗಿಹೋಗಿತ್ತು.

ಇನ್ನುಳಿದದ್ದು ಕನ್ವರ್ಷನ್ ಮಾತ್ರ. ಅಂಚುಗೆರೆಯ ಪಕ್ಕದಿಂದ, ಬಲಗಾಲಿನವನಿಗೆ ಕಷ್ಟವಾದ ಬಲಬದಿಯಿಂದ ಒದೆಯಬೇಕಿತ್ತು. ಒಳಹೋದರೆ ಹನ್ನೊಂದು ವರ್ಷಗಳ ಕಾಯುವಿಕೆ ಅಲ್ಲಿಗೇ ಮುಗಿಯುತ್ತಿತ್ತು. ಚೆಂಡು ಬಾಗುತ್ತ ಹೋಗಿ ಕಂಬಕ್ಕೆ ಬಡಿದು ಹೊರಬಂತು.

ಮೊದಲು ಅಂಕ ಗಳಿಸಿದವರೇ ಗೆಲ್ಲುವ ಗೋಲ್ಡನ್ ಪಾಯಿಂಟ್ ಅವಧಿಯ ಆರಂಭದ ಒದೆತವನ್ನು ಬ್ರಾಂಕೋಸ್‌ನ ಬೆನ್ ಹಂಟ್ ಹಿಡಿಯಲಾಗದೆ ಕೈಚೆಲ್ಲಿದರು. ಅವರೂ ಹಾಫ್‌ಬ್ಯಾಕ್ ಎಂಬುದು ಈ ಕಥೆಯ ಕ್ರೂರ ಭಾಗ. ಕೌಬಾಯ್ಸ್‌ಗೆ ಎದುರಾಳಿಯ ಗೆರೆಯ ಸಮೀಪವೇ ಚೆಂಡು ಸಿಕ್ಕಿತು, ಕೆಲವು ಟ್ಯಾಕಲ್‌ಗಳ ಬಳಿಕ ಥರ್ಸ್ಟನ್ ಫೀಲ್ಡ್ ಗೋಲ್ ಹೊಡೆದರು. 17–16. ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕ್ಲೈವ್ ಚರ್ಚಿಲ್ ಪದಕವೂ ಅವರದಾಯಿತು.

ಗೆಲುವಿನ ಒದೆತವನ್ನೇ ಎಲ್ಲರೂ ಮತ್ತೆ ಮತ್ತೆ ನೋಡುತ್ತಾರೆ. ನನ್ನ ಮಟ್ಟಿಗೆ ಅವರ ವೃತ್ತಿಯ ಸಾರವಿರುವುದು ಅದಕ್ಕಿಂತ ಮುಂಚಿನ ನಿಮಿಷಗಳಲ್ಲಿ. ಬದುಕಿನ ಅತಿ ದೊಡ್ಡ ಒದೆತ ಕಂಬಕ್ಕೆ ಬಡಿದದ್ದನ್ನು ಕಂಡು ಕೆಲವೇ ನಿಮಿಷಗಳಾದ ಮೇಲೆ, ಚೆಂಡು ಮತ್ತೆ ತನಗೇ ಬರಲಿ ಎಂದು ಕೇಳಿ ಪಡೆಯುವ ಮನಸ್ಸು ಹಾಫ್‌ಬ್ಯಾಕ್‌ಗೆ ಬೇಕಾದದ್ದು. ವರ್ಷಗಳ ಹಿಂದೆ ತಕ್ಕಡಿಗೆ ಸಿಗದೆ ಹೋದದ್ದೂ ಇದೇ.

ಸ್ಟೇಟ್ ಆಫ್ ಆರಿಜಿನ್ ಎಂದರೇನು? ಅದರಲ್ಲಿ ಅವರ ಸ್ಥಾನವೇನು?

ಪ್ರತಿ ವರ್ಷ ಋತುವಿನ ನಡುವೆ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳು ಆಡುವ ಮೂರು ಪಂದ್ಯಗಳ ಸರಣಿಯಿದು. ಆಟಗಾರ ಯಾವ ಕ್ಲಬ್ಬಿನಲ್ಲಿ ದುಡಿಯುತ್ತಾನೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಅವನು ಯಾವ ರಾಜ್ಯದಿಂದ ಬಂದವನು ಎಂಬುದೇ ಲೆಕ್ಕ. 1980ರಲ್ಲಿ ಒಂದೇ ಪಂದ್ಯವಾಗಿ ಆರಂಭವಾದ ಈ ಪೈಪೋಟಿ ಇಂದು ವೇಗದಲ್ಲೂ ಪೆಟ್ಟಿನಲ್ಲೂ ಟೆಸ್ಟ್‌ಗಳನ್ನೇ ಮೀರಿಸುತ್ತದೆ ಎನ್ನುವವರು ಬಹಳ.

ಥರ್ಸ್ಟನ್ 2005ರ ಮೊದಲ ಪಂದ್ಯದಲ್ಲೇ ಫೀಲ್ಡ್ ಗೋಲ್‌ನಿಂದ ಸ್ಕೋರು ಸಮಗೊಳಿಸಿ, ಕ್ವೀನ್ಸ್‌ಲ್ಯಾಂಡ್ ಗೋಲ್ಡನ್ ಪಾಯಿಂಟ್‌ನಲ್ಲಿ ಗೆಲ್ಲಲು ದಾರಿ ಮಾಡಿದರು. ಅಲ್ಲಿಂದ 2016ರ ಕೊನೆಯವರೆಗೆ ಒಂದನ್ನೂ ತಪ್ಪಿಸದೆ 36 ಪಂದ್ಯ ಆಡಿದರು. 2006ರಿಂದ 2013ರವರೆಗೆ ಕ್ವೀನ್ಸ್‌ಲ್ಯಾಂಡ್ ಸತತ ಎಂಟು ಸರಣಿಗಳನ್ನು ಗೆದ್ದಾಗ, ಆ 24 ಪಂದ್ಯಗಳಲ್ಲೂ ಇದ್ದ ಏಕೈಕ ಆಟಗಾರ ಅವರು. ಇಷ್ಟು ಒರಟು ಆಟದಲ್ಲಿ ಹನ್ನೆರಡು ವರ್ಷ ಸತತ ಹಾಜರಿ ಎಂಬುದು ನನಗೆ ಪದಕಗಳಿಗಿಂತ ಹೆಚ್ಚಿನ ಸಾಧನೆಯಾಗಿ ಕಾಣುತ್ತದೆ.

37ನೆಯದು 2017ರ ಎರಡನೆಯ ಪಂದ್ಯ. ಭುಜದ ಗಾಯದಿಂದ ಮೊದಲ ಪಂದ್ಯ ತಪ್ಪಿಸಿಕೊಂಡು ಮರಳಿದ್ದ ಅವರಿಗೆ ಆಟದ ನಡುವೆ ಭುಜ ಮತ್ತೆ ಕೈಕೊಟ್ಟಿತು. ತೋಳು ಜೋತುಬಿದ್ದಿದ್ದರೂ ಮೈದಾನ ಬಿಡಲಿಲ್ಲ. ಕೊನೆಯ ನಿಮಿಷಗಳಲ್ಲಿ ಡೇನ್ ಗಗಾಯ್ ಟ್ರೈ ಗಳಿಸಿ 16–16 ಆದಾಗ ಅಂಚಿನಿಂದ ಕನ್ವರ್ಷನ್ ಒದ್ದು 18–16 ಮಾಡಿದರು. ಶಸ್ತ್ರಚಿಕಿತ್ಸೆಗೆ ಹೋಗಬೇಕಾಗಿ ಆ ಋತು ಅವರ ಪಾಲಿಗೆ ಅಲ್ಲಿಗೇ ಮುಗಿಯಿತು.

ಆಸ್ಟ್ರೇಲಿಯಾ ತಂಡದಲ್ಲಿ?

382 ಅಂಕ ಗಳಿಸಿ, ಮಿಕ್ ಕ್ರೋನಿನ್ ಅವರ 309ರ ದಾಖಲೆಯನ್ನು ಹಿಂದಿಕ್ಕಿದರು. 2008ರ ವಿಶ್ವಕಪ್ ಫೈನಲ್‌ನಲ್ಲಿ ನ್ಯೂಜಿಲೆಂಡ್‌ಗೆ ಸೋತ ತಂಡದಲ್ಲೂ, 2013ರಲ್ಲಿ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಅದೇ ಎದುರಾಳಿಯನ್ನು 34–2ರಿಂದ ಮಣಿಸಿದ ತಂಡದಲ್ಲೂ ಇದ್ದರು. ವಿಶ್ವದ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬೂಟ್ 2011, 2013 ಮತ್ತು 2015ರಲ್ಲಿ ಅವರಿಗೆ ದಕ್ಕಿತು.

ದೊಡ್ಡ ಆಟಗಾರರನ್ನು ಶ್ರೀಮಂತ ಕ್ಲಬ್‌ಗಳು ಬಾಚಿಕೊಂಡುಬಿಡುವುದಿಲ್ಲವೇ?

ಅದನ್ನು ತಡೆಯಲೆಂದೇ ಸ್ಯಾಲರಿ ಕ್ಯಾಪ್ ಇದೆ: ಎಲ್ಲ ಆಟಗಾರರಿಗೂ ಸೇರಿ ಒಂದು ಕ್ಲಬ್ ವರ್ಷಕ್ಕೆ ಕೊಡಬಹುದಾದ ಸಂಬಳಕ್ಕೆ ಮಿತಿ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನ ಪಾಲು ಕಡಿಮೆಯಾಗುವುದರಿಂದ, ತಾರೆಯ ಸಂಬಳದ ಮಾತುಕತೆ ಒಂದರ್ಥದಲ್ಲಿ ಪಕ್ಕದ ಬೆಂಚಿನವನ ಕೆಲಸದ ಮಾತುಕತೆಯೂ ಹೌದು. ಮುರಿದರೆ ಶಿಕ್ಷೆ ಕಠಿಣ. ಥರ್ಸ್ಟನ್ ಪದಾರ್ಪಣೆ ಮಾಡಿದ 2002ರಲ್ಲೇ, ಪಟ್ಟಿಯ ತುದಿಯಲ್ಲಿದ್ದ ಬುಲ್‌ಡಾಗ್ಸ್‌ನಿಂದ ಈ ಕಾರಣಕ್ಕೆ 37 ಅಂಕ ಕಿತ್ತುಕೊಂಡು ತಳಕ್ಕೆ ತಳ್ಳಲಾಯಿತು. 2010ರಲ್ಲಿ ಮೆಲ್ಬರ್ನ್ ಸ್ಟಾರ್ಮ್ 2007 ಮತ್ತು 2009ರ ಪ್ರಶಸ್ತಿಗಳನ್ನೇ ಕಳೆದುಕೊಂಡಿತು. ಎಲ್ಲರೂ ತಾರೆಗಳಲ್ಲ ಎಂಬುದನ್ನೂ ನೆನಪಿಡಬೇಕು. ಎರಡು ಮೂರು ವರ್ಷಗಳ ಕರಾರಿನಿಂದ ಕರಾರಿಗೆ ಜಿಗಿಯುತ್ತ, ಒಂದು ಮೊಣಕಾಲಿನ ಗಾಯದಿಂದ ಎಲ್ಲ ಮುಗಿಯಬಹುದೆಂಬ ಅಂಜಿಕೆಯಲ್ಲಿ ಆಡುವವರೇ ಹೆಚ್ಚು.

ಅವರು ಹೆಡ್‌ಗೇರ್ ತೊಡುತ್ತಿದ್ದುದರಿಂದ ತಲೆಗೆ ರಕ್ಷಣೆ ಸಿಗುತ್ತಿತ್ತೇ?

ಮೆತ್ತನೆಯ ಆ ಟೊಪ್ಪಿಗೆ ಕಿವಿ ಮತ್ತು ನೆತ್ತಿಯ ತರಚುಗಾಯಗಳನ್ನು ತಡೆಯಬಲ್ಲದು. ತಲೆಬುರುಡೆಯೊಳಗೆ ಮಿದುಳು ಅದುರುವುದನ್ನು ಅದು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಥರ್ಸ್ಟನ್ ಮಟ್ಟಿಗೆ ಅದಕ್ಕೆ ಇನ್ನೊಂದು ಉಪಯೋಗವಿತ್ತು: ಪಂದ್ಯ ಮುಗಿದ ಬಳಿಕ ಪ್ರೇಕ್ಷಕರ ನಡುವಿನ ಒಬ್ಬ ಮಗುವಿಗೆ ಅದನ್ನು ಕೊಟ್ಟುಬಿಡುತ್ತಿದ್ದರು, ಸೋತ ದಿನವೂ.

ಹಾಗಾದರೆ ತಲೆಪೆಟ್ಟಿನ ಅಪಾಯ ಎಷ್ಟು ಗಂಭೀರ?

ಈ ವೃತ್ತಿಗೆ ಬರುವವರು ಮೊದಲು ಕೇಳಬೇಕಾದ ಪ್ರಶ್ನೆಯಿದು. ತಲೆಗೆ ಮರುಕಳಿಸುವ ಪೆಟ್ಟುಗಳಿಗೆ ತಳುಕು ಹಾಕಲಾಗಿರುವ, ಮರಣಾನಂತರದ ಪರೀಕ್ಷೆಯಿಂದಷ್ಟೇ ಖಚಿತಪಡಿಸಬಲ್ಲ ಸಿಟಿಇ ಎಂಬ ಮಿದುಳಿನ ಕ್ಷೀಣತೆಯ ಕಾಯಿಲೆ ಬುಲ್‌ಡಾಗ್ಸ್ ತರಬೇತುದಾರರಾಗಿದ್ದ ಸ್ಟೀವ್ ಫೋಕ್ಸ್ ಅವರ ಮಿದುಳಿನಲ್ಲಿ ಕಂಡುಬಂದದ್ದು 2019ರಲ್ಲಿ ಪ್ರಕಟವಾಯಿತು. ರಗ್ಬಿ ಲೀಗ್ ಆಟಗಾರರಲ್ಲಿ ಹೀಗೆ ಗುರುತಿಸಲಾದ ಮೊದಲ ಪ್ರಕರಣಗಳಲ್ಲಿ ಅದೂ ಒಂದು. 2015ರಲ್ಲಿ ಕೌಬಾಯ್ಸ್‌ಗೆ ತರಬೇತಿ ಕೊಟ್ಟ, ಸ್ವತಃ ಹಾಫ್‌ಬ್ಯಾಕ್ ಆಗಿದ್ದ ಪಾಲ್ ಗ್ರೀನ್ 2022ರಲ್ಲಿ 49ರ ವಯಸ್ಸಿನಲ್ಲಿ ತೀರಿಕೊಂಡ ಬಳಿಕ, ಅವರ ಮಿದುಳಿನಲ್ಲೂ ಅದೇ ಕಾಯಿಲೆ ತೀವ್ರ ರೂಪದಲ್ಲಿ ಕಂಡುಬಂತು. ಅಂದರೆ ಥರ್ಸ್ಟನ್ ಅವರ ಎರಡೂ ಪ್ರೀಮಿಯರ್‌ಶಿಪ್‌ಗಳ ತರಬೇತುದಾರರು, ತಮ್ಮ ಕಾಲದಲ್ಲಿ ಆಡಿದವರು, ಈ ಪಟ್ಟಿಯಲ್ಲಿದ್ದಾರೆ. ತಲೆಗೆ ಪೆಟ್ಟು ಬಿದ್ದಿರಬಹುದೆಂಬ ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆದು ವೈದ್ಯರು ಪರೀಕ್ಷಿಸುವುದು ಈಗ ಕಡ್ಡಾಯ. ಪೆಟ್ಟಿನಿಂದ ಮಿದುಳು ಅದುರಿದ್ದು, ಅಂದರೆ ಕನ್ಕಷನ್, ಖಚಿತವಾದರೆ ಸಾಮಾನ್ಯವಾಗಿ ಕನಿಷ್ಠ 11 ದಿನ ಆಟದಿಂದ ದೂರವಿರಬೇಕೆಂಬ ನಿಯಮವನ್ನು ಎನ್‌ಆರ್‌ಎಲ್ 2023ರಲ್ಲಿ ತಂದಿತು. ಇದು ಬೇಕಾದ ಕ್ರಮ, ಬಹಳ ತಡವಾಗಿ ಬಂದ ಕ್ರಮವೂ ಹೌದು.

ಮೂಲನಿವಾಸಿ ಸಮುದಾಯಕ್ಕೆ ಅವರು ಏಕೆ ಮುಖ್ಯ?

ಥರ್ಸ್ಟನ್ ತಾಯಿಯ ಕಡೆಯಿಂದ ಮೂಲನಿವಾಸಿ, ಗುಂಗಾರಿ ಸಮುದಾಯದವರು. ಆಸ್ಟ್ರೇಲಿಯಾದ ಜನಸಂಖ್ಯೆಯಲ್ಲಿ ಸಣ್ಣ ಪಾಲಾಗಿರುವ ಮೂಲನಿವಾಸಿಗಳು ಈ ಆಟದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಪಾಲು ಪಡೆದಿದ್ದಾರೆ. 1980ರ ಮೊದಲ ಆರಿಜಿನ್ ಪಂದ್ಯದಲ್ಲಿ ಕ್ವೀನ್ಸ್‌ಲ್ಯಾಂಡ್ ನಾಯಕರಾಗಿದ್ದ ಆರ್ಥರ್ ಬೀಟ್ಸನ್ ಕೂಡ ಮೂಲನಿವಾಸಿಯೇ. 2015ರ ಗೆಲುವಿನ ಬಳಿಕ ಥರ್ಸ್ಟನ್ ಮೈದಾನದಲ್ಲಿ ಪುಟ್ಟ ಮಗಳೊಂದಿಗೆ ಕುಳಿತ ಚಿತ್ರ ದೇಶದಾದ್ಯಂತ ಹರಡಿತು, ಅದರಲ್ಲಿ ಮಗುವಿನ ಕೈಯಲ್ಲಿದ್ದ ಕಪ್ಪು ಮೈಬಣ್ಣದ ಗೊಂಬೆಯನ್ನೂ ಜನ ಗಮನಿಸಿದರು. ಮೂಲನಿವಾಸಿ ಮಕ್ಕಳ ಓದಿನ ಪರವಾಗಿ ಅವರು ಮಾಡುತ್ತ ಬಂದ ಕೆಲಸಕ್ಕೆ ಮನ್ನಣೆಯಾಗಿ 2017ರಲ್ಲಿ ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಪದಕ ಬಂತು.

ಅವರಿಲ್ಲದೆ ಕೌಬಾಯ್ಸ್ 2017ರ ಫೈನಲ್ ತಲುಪಿದ್ದರಿಂದ ಅವರ ಮಹತ್ವ ಕಡಿಮೆಯಾಯಿತೇ?

ಈ ವಾದವನ್ನು ಆಗಾಗ ಮುಂದಿಡುತ್ತಾರೆ. ಎಂಟನೆಯ ಸ್ಥಾನದಿಂದ ಹೊರಟ ತಂಡ, ಮಾರ್ಗನ್ ಅವರ ಮುಂದಾಳುತನದಲ್ಲಿ ಗ್ರ್ಯಾಂಡ್ ಫೈನಲ್‌ವರೆಗೆ ಹೋದದ್ದು ದೊಡ್ಡ ಮಾತೇ. ಅಲ್ಲಿ ಮೆಲ್ಬರ್ನ್ ಎದುರು 34–6ರಿಂದ ಸೋತಿತು. ಆದರೆ ಹನ್ನೆರಡು ವರ್ಷ ಒಬ್ಬ ಹಾಫ್‌ಬ್ಯಾಕ್‌ನ ಪಕ್ಕದಲ್ಲಿ ಆಡಿ ಕಲಿತವರ ತಂಡ ಅವನಿಲ್ಲದೆಯೂ ನಿಲ್ಲಬಲ್ಲದಾದರೆ, ಅದನ್ನು ಅವನ ಲೆಕ್ಕದಿಂದ ಕಳೆಯುವುದಕ್ಕಿಂತ ಅವನ ಲೆಕ್ಕಕ್ಕೇ ಕೂಡಿಸುವುದು ಸರಿಯೆನಿಸುತ್ತದೆ.

ನಿವೃತ್ತಿ ಹೇಗಾಯಿತು? ಈಗೇನು ಮಾಡುತ್ತಿದ್ದಾರೆ?

2018ರಲ್ಲಿ ಭುಜ ಸರಿಹೋಗಿ ಮರಳಿದರೂ ತಂಡ ಸೋಲುತ್ತಲೇ ಇತ್ತು, ಫೈನಲ್ಸ್ ಎನ್ನುವ ನಾಕೌಟ್ ಹಂತ ಮುಟ್ಟಲಿಲ್ಲ. ಕೊನೆಯ ಪಂದ್ಯವನ್ನು ಗೋಲ್ಡ್ ಕೋಸ್ಟ್‌ನಲ್ಲಿ ಆಡಿ ಗೆದ್ದು ಹೊರಬಂದರು. ಅದೇ ವರ್ಷ ಯುವಜನರ ತರಬೇತಿ ಮತ್ತು ಉದ್ಯೋಗಕ್ಕಾಗಿ ತಮ್ಮ ಹೆಸರಿನ ಅಕಾಡೆಮಿ ಆರಂಭಿಸಿದರು, ಟಿವಿಯಲ್ಲಿ ಆಟದ ವಿಶ್ಲೇಷಣೆಗೂ ಇಳಿದರು. 2022ರಲ್ಲಿ ಹಳೆಯ ಜೊತೆಗಾರ ಬಿಲ್ಲಿ ಸ್ಲೇಟರ್ ಕ್ವೀನ್ಸ್‌ಲ್ಯಾಂಡ್ ತರಬೇತುದಾರರಾದಾಗ ಥರ್ಸ್ಟನ್ ಅವರ ಸಹಾಯಕರಾಗಿ ಸೇರಿದರು, ಆ ವರ್ಷವೂ ಮರುವರ್ಷವೂ ಸರಣಿ ಕ್ವೀನ್ಸ್‌ಲ್ಯಾಂಡ್‌ಗೇ ಬಂತು.